ನಿಧಾನದ ಡಿಸ್ಕ್

ಜನವರಿ 9, ಬೆಳಿಗ್ಗೆ

'ಕಡಲು ಮರಳಿಸುವುದು ಉಪ್ಪನ್ನಷ್ಟೇ...' ಮುಂದೇನು? ಅಪ್ಪ ಇದರ ಕೆಳಗೆ ಇನ್ನೊಂದು ಸಾಲು ಕಟ್ಟಿದ್ದರು. ಅಲ್ಲ, ಉಪ್ಪನ್ನಷ್ಟೇ ಏಕೆ? ಮೀನುಗಾರರ ಓಣಿಯಲ್ಲಿ ಬೆಳೆದವರು ಹಾಗೆನ್ನುತ್ತಾರೆಯೇ? ಕಾಫಿ ಉಕ್ಕಿತು. ಕೇಳಿಯೇ ಬಿಡೋಣವೆಂದು ಕಂಪ್ಯೂಟರ್ ಆನ್ ಮಾಡಿದೆ. ಡಿಸ್ಕ್ ಟಕ್ ಟಕ್ ಎನ್ನುತ್ತಿದೆ. ಅಪ್ಪ ಪದ್ಯ ಹೇಳುವ ವಿಡಿಯೋಗಳೆಲ್ಲ ಇರುವುದು ಅದೊಂದರಲ್ಲೇ.

ಜನವರಿ 10

ಕಂಪ್ಯೂಟರ್ ರಿಪೇರಿಯ ವಹೀಬನ ಅಂಗಡಿಗೆ ಹೋದೆ. ಎರಡು ಹೊಸ ಡಿಸ್ಕ್ ಮುಂದಿಟ್ಟ. ಒಂದು ನಿಧಾನ, ತಣ್ಣಗೆ ಇರುತ್ತದೆ, ಕರೆಂಟು ಕಡಿಮೆ ಸಾಕು. ಇನ್ನೊಂದು ಚುರುಕು — ಅದಕ್ಕೆ ಬೇರೆ ಪ್ಲಗ್, ಬೇರೆ ಫ್ಯಾನ್. ಹಳೆಯದು ಇನ್ನೊಮ್ಮೆ ನಡುವೆ ನಿಂತರೆ ಮತ್ತೆ ತಿರುಗುವುದು ಅನುಮಾನ, ಒಂದೇ ಉಸಿರಿಗೆ ಕಾಪಿ ಮುಗಿಸಿ ಎಂದ.

ನನಗೆ ಬ್ಯಾಟರಿಯ ಚಿಂತೆ. ಲೈನಿನ ಕರೆಂಟು ಇಲ್ಲ; ತಾರಸಿಯ ಸೋಲಾರ್‌ಗೆ ಬ್ಯಾಟರಿ ಒಂದೇ, ಮನೆ ಎರಡು. ನನ್ನದು, ಎದುರುಮನೆಯಲ್ಲಿರುವ ತೌಫೀಕನ ತಾಯಿ ಉಮ್ ತೌಫೀಕರದು. ಅವರ ಫ್ರಿಜ್ಜಿನಲ್ಲಿ ಇನ್ಸುಲಿನ್. ಮೇಲೆ ಮೋಡ. ಹೆಚ್ಚು ಕರೆಂಟು ಬೇಕಾದರೆ ಬಾಗಿಲು ತಟ್ಟಿ ಕೇಳುವುದು ನಮ್ಮಲ್ಲಿ ರೂಢಿ. ಕೇಳಿದರೆ ಅವರು ಇಲ್ಲ ಎನ್ನುವವರಲ್ಲ. ಅದಕ್ಕೇ ಕೇಳಲು ಮನಸ್ಸು ಬರಲಿಲ್ಲ.

ನಿಧಾನದ್ದನ್ನೇ ತಂದೆ. ವಹೀಬ್ ಪೊಟ್ಟಣ ಕಟ್ಟುತ್ತ, "ಆಂಬುಲೆನ್ಸ್ ಬೇಕಾದಾಗ ಕತ್ತೆಗಾಡಿ ಹತ್ತಿಸ್ತಿದೀರಲ್ಲ, ಟೀಚರ್" ಅಂದ.

ಜನವರಿ 11

ಬೆಳಿಗ್ಗೆಯಿಂದ ಕಾಪಿ ನಡೆದಿದೆ. ಹಳೆಯ ವರ್ಷಗಳಿಂದ ಒಂದೊಂದಾಗಿ ಬರುತ್ತಿವೆ. ಉಮ್ ತೌಫೀಕ್ ಬೇಳೆ ಸಾರು ತಂದರು. ತೆರೆಯ ಮೇಲೆ ಅಪ್ಪ ಕಂಡರು. ನಿನ್ನಪ್ಪ ಬಾಲ್ಕನಿಯಲ್ಲಿ ಪದ್ಯ ಶುರು ಮಾಡಿದರೆ ನನ್ನ ಅನ್ನ ಸೀದುಹೋಗುತ್ತಿತ್ತು ಎಂದು ನಕ್ಕರು. ಎಷ್ಟು ಹೊತ್ತು ಬೇಕು ಎಂದರು. ನಾಳೆಯವರೆಗೂ ಇದೆ, ಆದರೆ ಇದೇನೂ ಕರೆಂಟು ತಿನ್ನುವುದಿಲ್ಲ ಎಂದೆ. ತಲೆಯಾಡಿಸಿ ಹೋದರು.

ಜನವರಿ 12, ಮಧ್ಯಾಹ್ನ

ಬಿಸಿಲೇ ಇಲ್ಲ. ಮುಕ್ಕಾಲು ಭಾಗ ಬಂದಿತ್ತು... ಬ್ಯಾಟರಿ ಮುಗಿಯಿತು.

ಜನವರಿ 16

ಬರೆಯಲಾಗಿರಲಿಲ್ಲ. ಹಳೆಯ ಡಿಸ್ಕ್ ತಿರುಗಲಿಲ್ಲ. ವಹೀಬ್ ಕಿವಿಗಿಟ್ಟು ಕೇಳಿ ಮರಳಿ ಕೊಟ್ಟ. ಅಪ್ಪನ ಕೊನೆಯ ಚಳಿಗಾಲದ್ದು ಯಾವುದೂ ಬಂದಿಲ್ಲ. ಕಡಲಿನ ಪದ್ಯ ಅದರಲ್ಲಿತ್ತು.

ಲೆಕ್ಕ ನನಗೂ ಗೊತ್ತಿತ್ತು. ನಿಧಾನದ್ದು ಕಡಿಮೆ ತಿನ್ನುತ್ತದೆ, ಆದರೆ ತಿನ್ನುತ್ತಲೇ ಇರುತ್ತದೆ. ಅಷ್ಟೂ ಹೊತ್ತು ಕಂಪ್ಯೂಟರೂ ಪಂಕ್ತಿಗೆ ಕೂತಿರುತ್ತದೆ. ಚುರುಕಿನದಾಗಿದ್ದರೆ ಮೊದಲ ಸಂಜೆಗೇ ಮುಗಿಯುತ್ತಿತ್ತು. ಒಂದು ಬಾಗಿಲು ತಟ್ಟುವ ಸಂಕೋಚ... ಉಪ್ಪನ್ನಷ್ಟೇ. ಅಪ್ಪ ಸರಿಯಾಗಿಯೇ ಹೇಳಿದ್ದರೇನೋ.

ಜನವರಿ 17

ಈಗಷ್ಟೇ ಬಾಗಿಲಲ್ಲಿ ಉಮ್ ತೌಫೀಕ್. ಒಳಗೆ ಬರಲಿಲ್ಲ. "ಮುಗೀತೇನೇ ನಜ್ವಾ, ಅಪ್ಪನ ಕೆಲಸ? ನೀನಾಗಿ ಕೇಳೋಳಲ್ಲ ಅಂತ ಸಾರು ತಂದ ದಿನಾನೇ ಫ್ರಿಜ್ ಆಫ್ ಮಾಡಿಬಿಟ್ಟೆ. ಇನ್ಸುಲಿನ್ ಕೆಳಗಡೆ ಔಷಧಿ ಅಂಗಡೀಲಿದೆ. ಇನ್ನು ತಂದಿಟ್ಕೊಳ್ಲಾ?"