ಬಾಗಿಲ ಬಳಿ ನಿಂತವರು

ಭಾನುವಾರ, ಮಧ್ಯಾಹ್ನ

ನನ್ನ ಅಕ್ಕನಿಗೆ,

ಇದನ್ನು ಓದುವಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡ. ಫೋನಿನಲ್ಲಿ ಎರಡು ಮಾತಿಗೆ ಮುಗಿಸುತ್ತೇನೆಂದು ಬೈದೆಯಲ್ಲ, ಇವರು ಸದಾ ಹತ್ತಿರದಲ್ಲೇ ಇರುತ್ತಾರೆ. ಅದಕ್ಕೇ ಬರೆದು, ಇವರ ಜೊತೆಗಾರ ಕಂಡಕ್ಟರೊಬ್ಬರ ಕೈಲಿ ಸಂಜೆಯ ಬಸ್ಸಿಗೆ ಕಳಿಸುತ್ತಿದ್ದೇನೆ.

ಚಿಕ್ಕಂದಿನಲ್ಲಿ ನನ್ನ ಕಣ್ಣು ಮುಚ್ಚಿ, ಬೆರಳ ಸಂದಿಯಲ್ಲಿ ತೋರಿಸಿದ ಆ ದೆವ್ವದ ಸಿನಿಮಾ ನೆನಪಿದೆಯೇ? ಅದನ್ನು ತೆಗೆದ ಬಂಗಲೆ ಊರಾಚೆ ಕಲ್ಲುಗಣಿಯ ಹತ್ತಿರ ಇನ್ನೂ ಇದೆ. ಕಳೆದ ವಾರ ಪತ್ರಿಕೆಯೊಂದಕ್ಕೆ ನಾನು ಅದರ ರಾತ್ರಿಯ ಫೋಟೋ ತೆಗೆದುಕೊಡಬೇಕಿತ್ತು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ಇವರೂ ಹೊರಟರು. ಬಸ್ ಕಂಡಕ್ಟರ್ ಗಂಡ ಜೊತೆಗಿದ್ದರೆ ದಾರಿ ಸವೆದದ್ದೇ ತಿಳಿಯುವುದಿಲ್ಲ. "ದೆವ್ವ ಬಂದ್ರೆ ಟಿಕೆಟ್ ಹರಿದು ಕೊಟ್ಟು ಹಿಂದಿನ ಬಾಗಿಲಲ್ಲಿ ಇಳಿಸ್ತೀನಿ ಬಿಡು" ಎಂದು ನಗಿಸುತ್ತಲೇ ಇದ್ದರು.

ಕತ್ತಲಲ್ಲಿ ನಾನು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿ, ಅದರ ಕಣ್ಣನ್ನು ಬಹಳ ಹೊತ್ತು ತೆರೆದೇ ಇಡುತ್ತೇನೆ. ಆಗ ನಡೆದಾಡುವವರು ಫೋಟೋದಲ್ಲಿ ಮೂಡುವುದಿಲ್ಲ. ಅಲುಗಾಡದೆ ನಿಂತದ್ದು ಮಾತ್ರ ಉಳಿಯುತ್ತದೆ. ಇವರು ಟಾರ್ಚ್ ಹಿಡಿದು ಒಳಹೋಗಿ ಒಂದೊಂದೇ ಕೋಣೆಗೆ ಬೆಳಕು ಚೆಲ್ಲಬೇಕು; ನಾನು ಹೊರಗೆ ಕಾಯಬೇಕು.

ಕೆಳಗಿನ ಕಿಟಕಿಗಳು ಬೆಳಗಿದವು. ಪ್ರತಿ ಕೋಣೆ ಮುಗಿದಾಗಲೂ "ರೈಟ್, ರೈಟ್!" ಎಂದು ಕೂಗಿದರು. ಆಮೇಲೆ ಮಹಡಿ. ಕೊನೆಯ ಕಿಟಕಿಯಲ್ಲಿ ಬೆಳಕು ಬಂತು, ಕೂಗು ಬರಲಿಲ್ಲ. ಕ್ಯಾಮೆರಾ ಮುಚ್ಚಿದೆ. ಆ ಬೆಳಕು ಇನ್ನೂ ಆರಿರಲಿಲ್ಲ, ಇವರು ಮುಂಬಾಗಿಲಿಂದ ನಡೆದು ಬಂದರು. ಟಾರ್ಚ್ ಎಲ್ಲಿ ಎಂದೆ.

"ಮೇಲೆ ಬಿತ್ತು. ನಡಿ."

ದಾರಿಯುದ್ದಕ್ಕೂ ಅಷ್ಟೇ ಮಾತು. ದಣಿದಿದ್ದಾರೆ ಎಂದುಕೊಂಡೆ.

ಮನೆಗೆ ಬಂದು ಫೋಟೋ ನೋಡಿದರೆ ಎಲ್ಲ ಕಿಟಕಿಗಳೂ ಬೆಳಗಿದ್ದವು. ಮುಂಬಾಗಿಲ ಪಕ್ಕದಲ್ಲಿ ಇವರು ನಿಂತಿದ್ದರು, ಬರಿಗೈಯಲ್ಲಿ, ನನ್ನನ್ನೇ ನೋಡುತ್ತ. ಅಂಗಿಯ ಗುಂಡಿ ಕೂಡ ಸ್ಪಷ್ಟ. ಅಷ್ಟು ಸ್ಪಷ್ಟವಾಗಿ ಮೂಡಬೇಕಾದರೆ ಮೊದಲಿನಿಂದ ಕೊನೆಯವರೆಗೂ ಅಲ್ಲೇ ಕಲ್ಲಿನ ಹಾಗೆ ನಿಂತಿರಬೇಕು. ಅಕ್ಕಾ, ನಾನು ಆ ಬಾಗಿಲನ್ನೇ ನೋಡುತ್ತಿದ್ದೆ. ಅಲ್ಲಿ ಯಾರೂ ಇರಲಿಲ್ಲ.

ಅಂದಿನಿಂದ ಇವರು ಡ್ಯೂಟಿಗೆ ಹೋಗಿಲ್ಲ. ಬಡಿಸಿದ್ದನ್ನು ಉಣ್ಣುತ್ತಾರೆ. ನಾನು ಅಡುಗೆ ಮಾಡುವಷ್ಟು ಹೊತ್ತೂ ಹೊಸ್ತಿಲಲ್ಲಿ ನಿಂತಿರುತ್ತಾರೆ. ಏನಾಗಿದೆ ಎಂದು ಅತ್ತರೆ, "ಏನಿಲ್ಲ. ಮಲಗು" ಎನ್ನುತ್ತಾರೆ.

ಮೊನ್ನೆ ಅತ್ತೆ ಬಂದಿದ್ದರು. ಮಗನೆದುರು ಕೂತು ಉಂಡರು. ಬೀಳ್ಕೊಡಲು ಮೆಟ್ಟಿಲಿಳಿದಾಗ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದು, ಪಿಸುದನಿಯಲ್ಲಿ ಕೇಳಿದರು: "ನನ್ನ ಮಗ ಎಲ್ಲಮ್ಮಾ?"

ನನಗೆ ಉತ್ತರ ಗೊತ್ತಿತ್ತು. ನಿನ್ನೆ ಮುಸ್ಸಂಜೆ ತರಕಾರಿಗೆಂದು ಹೇಳಿ ಬಂಗಲೆಗೆ ಹೋದೆ. ಮಹಡಿಯ ಕೊನೆಯ ಕಿಟಕಿಯಲ್ಲಿ ಬ್ಯಾಟರಿ ಮುಗಿಯುತ್ತ ಬಂದ ಕೆಂಪು ಬೆಳಕು. ಕಿವಿಗೊಟ್ಟು ನಿಂತೆ. ಗಂಟಲು ಒಣಗಿದ ದನಿಯಲ್ಲಿ, "ರೈಟ್... ರೈಟ್..." ಅದೇ ದನಿ ಅಕ್ಕಾ, ಸಾವಿರ ಜನರ ನಡುವೆಯೂ ಗುರುತಿಸುತ್ತೇನೆ. ಒಂದು ಕಾಲು ಒಳಗಿಟ್ಟೆ. ಇನ್ನೊಂದನ್ನು ಇಡಲಾಗಲಿಲ್ಲ. ಓಡಿ ಬಂದೆ.

ಮನೆಯಲ್ಲಿ ಇವರು ಬಾಗಿಲಲ್ಲೇ ನಿಂತಿದ್ದರು. "ತರಕಾರಿ ಎಲ್ಲಿ?" ಎಂದರು. ಇಷ್ಟು ದಿನಗಳಲ್ಲಿ ಇವರಾಗಿಯೇ ಆಡಿದ ಮೊದಲ ಮಾತು ಅದು.

ನೀನು ಗಾಬರಿಬಿದ್ದು ಇಲ್ಲಿಗೆ ಬರಬೇಡ. ಇಂದು ರಾತ್ರಿ ಅತ್ತೆಯ ಮನೆಯಲ್ಲಿ ಮಲಗುತ್ತೇನೆ. ನಾಳೆ ಯೋಚಿಸೋಣ.

ನಿನ್ನ ಜೀವ ತಿನ್ನುವ ತಂಗಿ, ನೀನೇ ಹೆಸರಿಟ್ಟ
ಪಿಟೀಲು

ಮರೆತ ಮಾತು: ಅತ್ತೆಯ ಮನೆಯಲ್ಲಿ ಮಲಗುವುದು ಸುಳ್ಳು. ಕತ್ತಲಾಗುತ್ತಲೇ ಅತ್ತೆ ಹೊಸ ಟಾರ್ಚ್ ಹಿಡಿದು ಬೀದಿಯ ತಿರುವಿನಲ್ಲಿ ಆಟೋದಲ್ಲಿ ಕಾಯುತ್ತಾರೆ. ಇಬ್ಬರೂ ಮಹಡಿ ಹತ್ತುತ್ತೇವೆ. ನಾಳೆ ನಾನು ನಿನ್ನ ಮನೆಗೆ ಬಂದರೆ, ಮೊದಲು ಕಿಟಕಿಯಿಂದಲೇ ಬಾಯಿಗೆ ಬಂದ ಹಾಗೆ ಬೈ. ತಿರುಗಿ ಜಗಳಕ್ಕೆ ಬಿದ್ದರೆ ಒಳಗೆ ಕರೆದುಕೋ. ಸುಮ್ಮನೆ ನಿಂತು ನಿನ್ನನ್ನೇ ನೋಡುತ್ತಿದ್ದರೆ, ಎಷ್ಟು ಹೊತ್ತಾದರೂ ಸರಿ, ಚಿಲಕ ತೆಗೆಯಬೇಡ.