ಬಿತ್ತದ ವರ್ಷ

ಸೊಕ್ಚೊ,
20 ಅಕ್ಟೋಬರ್ 1995

ನನ್ನ ನಾದಿನಿ ಓಕ್‌ಬುನ್‌ಗೆ,

ಹೇಗಿದ್ದೀಯಮ್ಮ? ಅತ್ತೆಯ ಮಂಡಿನೋವು ಹೇಗಿದೆ, ಮಾವನವರ ಕೆಮ್ಮು ಕಡಿಮೆಯಾಯಿತೇ ಎಂದು ಬರೆದು ಪೆನ್ನು ಕೆಳಗಿಟ್ಟೆ. ಅತ್ತೆ ಇದ್ದಿದ್ದರೆ ಈಗ ತೊಂಬತ್ತೈದು. ನನ್ನ ಕಣ್ಣಿಗೆ ಇನ್ನೂ ಹನ್ನೊಂದರ ಹುಡುಗಿಯಾದ ನಿನಗೇ ಐವತ್ತಾರು. ಆ ಸಾಲು ಹೊಡೆದುಹಾಕೋಣ ಅಂದುಕೊಂಡೆ, ಮನಸ್ಸು ಬರಲಿಲ್ಲ. ಬೇಸಿಗೆಯಲ್ಲಿ ನಿಮ್ಮ ಕಡೆ ದೊಡ್ಡ ನೆರೆ ಬಂತೆಂದು ರೇಡಿಯೊದಲ್ಲಿ ಕೇಳಿದೆ. ಮನೆ ಉಳಿಯಿತೇ? ನಿಮ್ಮಣ್ಣ ತೇಸಿಕ್ ಹೇಗಿದ್ದಾರೆ? ಈ ಕೊನೆಯ ಪ್ರಶ್ನೆಗಾಗಿಯೇ ಈ ಕಾಗದ.

ಚೀನಾದ ಯಾನ್ಜಿಯಿಂದ ಔಷಧಿ ಬೇರು ಮಾರಲು ಬರುವ ನಮ್ಮ ಮಾತಿನ ಹೆಂಗಸೊಬ್ಬಳು ಗಡಿಯ ಹೊಳೆ ದಾಟಿ ನಿಮ್ಮ ಹಾಮ್ಹುಂಗ್ ಕಡೆಗೂ ಹೋಗುತ್ತಾಳಂತೆ. ಲಂಗದ ಮಡಿಕೆಯಲ್ಲಿ ಹೊಲಿದುಕೊಂಡು ಒಯ್ಯುತ್ತೇನೆ ಅಂದಿದ್ದಾಳೆ. ಅಕ್ಷರ ನನ್ನದೇ, ಗಾಬರಿಯಾಗಬೇಡ. ನಲವತ್ತಕ್ಕೆ ಚರ್ಚಿನ ಬೈಬಲ್ಲಿನ ಮೇಲೆ ಬೆರಳಿಟ್ಟು ಕಲಿತದ್ದು.

ಯುದ್ಧದ ಆ ಚಳಿಗಾಲ, ಐವತ್ತನೆಯ ಇಸವಿಯಲ್ಲಿ, ಹುಂಗ್ನಾಮ್ ಬಂದರಿನಲ್ಲಿ ನನ್ನ ತಮ್ಮನಿಗೆ ಬುತ್ತಿ ಕೊಟ್ಟು ಬರುತ್ತೇನೆ ಎಂದು ಹೋದವಳು ನಾನು. ಜನ ನೂಕಿ ದಕ್ಷಿಣಕ್ಕೆ ಹೊರಟ ಹಡಗಿಗೆ ಹತ್ತಿಸಿಬಿಟ್ಟರು ಎಂದು ಇಲ್ಲಿ ಎಲ್ಲರಿಗೂ ಹೇಳಿದ್ದೇನೆ. ನೂಕಿದ್ದು ನಿಜ. ಆದರೆ ಕೊನೆಯ ಎರಡು ಮೆಟ್ಟಿಲು ನಾನೇ ಹತ್ತಿದೆ, ಓಕ್‌ಬುನ್. ಬಾಂಬಿನ ಹೆದರಿಕೆ. ಮೂರು ದಿನಕ್ಕೆ ಹಿಂತಿರುಗಬಹುದು ಅಂದುಕೊಂಡೆ.

ಈ ವರ್ಷ ನಮ್ಮ ಪಾದ್ರಿಗಳು ಹೇಳಿದರು, ದೇಶ ಎರಡಾಗಿ ಐವತ್ತು ವರ್ಷವಾಯಿತು, ಇದು ಜೂಬಿಲಿ ವರ್ಷ ಎಂದು. ಬೈಬಲ್ಲಿನಲ್ಲಿದೆಯಂತೆ: ಐವತ್ತನೆಯ ವರ್ಷ ಕೊಂಬು ಊದಬೇಕು, ಕಟ್ಟಿನಲ್ಲಿರುವವರನ್ನು ಬಿಡಬೇಕು, ಪ್ರತಿಯೊಬ್ಬನೂ ತನ್ನವರ ಬಳಿಗೆ ಹಿಂತಿರುಗಬೇಕು. ಆ ವರ್ಷ ಬಿತ್ತಲೂಬಾರದು. ಎಲ್ಲರೂ ಆಮೆನ್ ಅಂದರು, ಅತ್ತರು, ಮನೆಗೆ ಹೋಗಿ ಎಂದಿನಂತೆ ಮೂಲಂಗಿ ಬಿತ್ತಿದರು. ನಾನು ಬಿತ್ತಲಿಲ್ಲ. ನನ್ನ ಪಾಲಿನದು ನಾನು ಮಾಡಿದರೆ ದೇವರು ತನ್ನ ಪಾಲಿನದು ಮಾಡಿಯಾನು ಎಂಬ ಆಸೆ.

ಹಿತ್ತಲು ಕಾಡಾಯಿತು. ಜೊತೆಗಿರುವ ಕಿಲ್‌ಮಾನ್ (ಯಾರೆಂದು ಹೇಳುತ್ತೇನೆ, ಅವಸರ ಮಾಡಬೇಡ) ಬಾಗಿಲಲ್ಲಿ ಕೂತು, "ಏನೇ, ಈ ಸಲದ ಮೂಲಂಗಿ ಕಿಮ್ಚಿ ದೇವರೇ ಹಾಕಿ ಕಳಿಸ್ತಾನಾ? ಖಾರ ಜಾಸ್ತಿ ಇರ್ಲಿ ಅಂತ ಹೇಳು," ಅಂದರು. ಪಕ್ಕದ ಮನೆಯವಳು ಬೇಲಿ ಮೇಲಿಂದ ಇಣುಕಿ, "ಅಕ್ಕಾ, ನಿನ್ನ ಹಿತ್ತಲಲ್ಲಿ ಹುಲಿ ಗಿಲಿ ಸೇರ್ಕೊಂಡೀತು!" ಅಂದಳು. "ಸೇರ್ಕೊಳ್ಳಲಿ ಬಿಡು, ಅದಕ್ಕೂ ರಜೆ," ಅಂದೆ.

ಐವತ್ತು ವರ್ಷ ತುಂಬಿದ ಆಗಸ್ಟ್ ಹದಿನೈದಕ್ಕೆ ಊರಿಗೆ ಹೊರಡಲು ಗಂಟು ಕಟ್ಟಿದೆ. ಹುಚ್ಚಿ ಅನ್ನಲಿಲ್ಲ ಕಿಲ್‌ಮಾನ್, ಗಂಟನ್ನು ತಾವೇ ಹೊತ್ತು ಬಸ್ಸು ಹತ್ತಿದರು. ಉತ್ತರದ ತುದಿಯಲ್ಲಿ ಕಾವಲಿನವರು ತಡೆದರು. "ಅಜ್ಜೀ, ರಸ್ತೆ ಇಲ್ಲಿಗೇ ಮುಗೀತು." ನಾನು, "ಮುಗಿದಿಲ್ಲಪ್ಪ, ನೀವು ಅಡ್ಡ ನಿಂತಿದ್ದೀರಿ ಅಷ್ಟೇ," ಅಂದೆ. ನಾವು ಹಿಂತಿರುಗಿದೆವು.

ಈಗ ಹೇಳುತ್ತೇನೆ. ಕಿಲ್‌ಮಾನ್ ನನ್ನ ಗಂಡ. ಏಳು ವರ್ಷ ಕಾದೆ. ಅವರೂ ನಿಮ್ಮ ಕಡೆಯ ಪುಕ್ಚೊಂಗ್‌ನಲ್ಲಿ ಹೆಂಡತಿಯನ್ನು ಬಿಟ್ಟು ಬಂದವರು. ಈ ಮರಳುದಿಬ್ಬದ ಮೇಲೆ ಇಬ್ಬರೂ ಚಳಿಯಲ್ಲಿ ಬೊಂಡಾಸ್ ಮೀನು ಸೀಳುತ್ತಾ ಕೂತಿದ್ದೆವು, ಒಂದು ದಿನ ಒಂದೇ ಒಲೆ ಹಚ್ಚಿದೆವು. ಒಳ್ಳೆಯ ಮನುಷ್ಯ. ಆದರೂ ಮೂವತ್ತೆಂಟು ವರ್ಷವಾಯಿತು, ಹಬ್ಬದ ದಿನ ಅನ್ನ ಬಡಿಸುವಾಗ ನಿಮ್ಮಣ್ಣನ ಕೈ ನೆನಪಾಗುತ್ತದೆ, ಬಟ್ಟಲನ್ನು ಎರಡೂ ಅಂಗೈಯಲ್ಲಿ ಹಿಡಿದು ಬಿಸಿ ಕಾಯಿಸಿಕೊಳ್ಳುತ್ತಿದ್ದುದು.

ರಸ್ತೆ ತೆರೆಯಲಿಲ್ಲ. ಆದರೆ ಕಟ್ಟು ಬಿಚ್ಚುವುದು ನನ್ನ ಕೈಯಲ್ಲೂ ಇದೆಯಲ್ಲ? ನಿಮ್ಮಣ್ಣನಿಗೆ ಹೇಳು: ಸುಂದೊಕ್ ನಿಮ್ಮನ್ನು ಬಿಟ್ಟುಕೊಟ್ಟಿದ್ದಾಳೆ, ಅವಳನ್ನೂ ಬಿಟ್ಟುಕೊಡಿ ಅಂತ. ಬೇರೆ ಮದುವೆಯಾಗಿದ್ದರೆ ಆಕೆಗೆ ನನ್ನ ನಮಸ್ಕಾರ. ಆಗದೆ ನನಗಾಗಿ ಕಾದು ಕೂತಿದ್ದರೆ ಅದನ್ನು ಮಾತ್ರ ಬರೆಯಬೇಡ. ಇಲ್ಲ, ಬರೆ. ಅದನ್ನೂ ಬರೆ.

ಇನ್ನೂ ಹಾಗೆ ಕರೆಯಬಹುದಾದರೆ,
ನಿನ್ನ ಅತ್ತಿಗೆ,
ಸುಂದೊಕ್

ಮರೆತ ಮಾತು: ಲಕೋಟೆ ಅಂಟಿಸುವಾಗ ಕಿಲ್‌ಮಾನ್ ಹಿಂದೆ ಬಂದು ನಿಂತರು. ಅವರಿಗೆ ಓದಲು ಬರುವುದಿಲ್ಲ. "ಜಾಗ ಇದ್ರೆ ಒಂದು ಸಾಲು ಹಾಕ್ತೀಯಾ?" ಅಂದರು. ಏನು ಅಂದೆ. "ಇಪ್ಪುನ್," ಅಂದರು. ಈ ಮನೆಯಲ್ಲಿ ಅವರ ಆ ಹೆಂಡತಿಯ ಹೆಸರು ನಾನು ಕೇಳಿದ್ದು ಇದೇ ಮೊದಲು. ಪುಕ್ಚೊಂಗ್‌ನ ಸೇಬುತೋಟದ ಹತ್ತಿರದ ಮನೆ, ಎಡಹುಬ್ಬಿನ ಮೇಲೆ ಮಚ್ಚೆ ಇದೆಯಂತೆ. ನಿಮ್ಮಣ್ಣನ ಸುದ್ದಿ ಬರೆಯಲು ನಿನಗೆ ಕಷ್ಟವಾದರೆ ತಡವಾಗಲಿ. ಆಕೆಯ ಸುದ್ದಿಯನ್ನಾದರೂ ವಿಚಾರಿಸಿ ಬೇಗ ಬರೆಯಮ್ಮ. ಅವರು ಆಗಲೇ ಬಾಗಿಲಲ್ಲಿ ಹೋಗಿ ಕೂತಿದ್ದಾರೆ.