ಟ್ರೊವಾಟೊ ಅಂದರೆ ಸಿಕ್ಕವನು

ಮಾರ್ಚ್ 3, ಬೆಳಿಗ್ಗೆ

ಎರಡು ಸಾವಿನ ಪೋಸ್ಟರ್ ಅಂಟಿಸಿ ಮುಗಿಸಿದೆ. ಸಿಸಿಲಿಯ ಈ ಊರು, ಆಚಿರೆಯಾಲೆಯ ಗೋಡೆಗಳಿಗೆ ಸುದ್ದಿ ಕೊಡುವುದು ನಮ್ಮ ಪ್ರೆಸ್ಸು. ಇವತ್ತು ಗೋಡೆಯೇ ನನಗೆ ಕೊಟ್ಟಿತು. ಪುರಸಭೆಯ ಬೋರ್ಡಿನಲ್ಲಿ ತಮ್ಮ ಸೆಬಾಸ್ತಿಯಾನೊನ ಅರ್ಜಿ. ನಮ್ಮ ಮನೆತನದ ಹೆಸರು ಟ್ರೊವಾಟೊ ಬಿಟ್ಟು ಅಮ್ಮನ ಮನೆತನದ ಪ್ಲಾತಾನಿಯಾ ಆಗುತ್ತಾನಂತೆ. ಹದಿನೇಳರ ಮಗಳು ವೆನೆರಾಳ ಹೆಸರೂ ಜೊತೆಗೆ. ತಕರಾರಿದ್ದವರಿಗೆ ಮೂವತ್ತು ದಿನ.

ತಕರಾರಿದೆ.

ಮಾರ್ಚ್ 4

ತಮ್ಮನ ಹೋಟೆಲಿಗೆ ಹೋಗಿದ್ದೆ.

"ಅಕ್ಕ, ಟ್ರೊವಾಟೊ ಅಂದ್ರೆ ಸಿಕ್ಕೋನು. ಅನಾಥನ ವಂಶ ಅಂತ ಬೋರ್ಡ್ ಹಾಕ್ಕೊಂಡು ಎಷ್ಟು ದಿನ ಕೂತ್ಕೊಳ್ಳಲಿ? ಜನ ನಗ್ತಾರೆ."

"ನಿನ್ನ ಕಾಫಿಗೂ ನಗ್ತಾರೆ. ಮೊದಲು ಅದನ್ನ ಬದಲಾಯಿಸು."

ಮುತ್ತಜ್ಜ ನೆಟ್ಟ ನಿಂಬೆತೋಟ ಮಾರಿ ಕಟ್ಟಿದ ಹೋಟೆಲ್ ಅದು. ವಾಪಸ್ ಬರುತ್ತಾ ಹೊಸೆದದ್ದು:

ತೋಟ ಬೇಕು, ಫಲ ಬೇಕು,
ನೆಟ್ಟವನ ಹೆಸರು ಸಾಕು.

ಮಾರ್ಚ್ 12

ಚರ್ಚಿನ ಹಳೇ ದಾಖಲೆ ಪುಸ್ತಕ. ಪಾದ್ರಿ ದೋನ್ ಚಿರಿನೊ ಓದಿ ಹೇಳಿದರು. 1858, ಜನವರಿ. ಮಠದ ಗೋಡೆಯ ತಿರುಗುಪೆಟ್ಟಿಗೆಯಲ್ಲಿ ಗಂಡುಕೂಸು, ನಮ್ಮ ಮುತ್ತಜ್ಜ — ಹೊರಗಿನಿಂದ ಇಟ್ಟು ತಿರುಗಿಸಿದರೆ ಒಳಗಿನವರು ಎತ್ತಿಕೊಳ್ಳುತ್ತಿದ್ದರು. ಕೊರಳಲ್ಲಿ ದೇವರ ಪಟದ ಅರ್ಧ. ಉಳಿದರ್ಧ ತಾಯಿಯ ಹತ್ತಿರ, ಯಾವತ್ತಾದರೂ ಬಂದು ಜೋಡಿಸಿ ತೋರಿಸಿ ಕೂಸನ್ನು ವಾಪಸ್ ಕೇಳಲಿಕ್ಕೆ.

ಬರಲಿಲ್ಲ. ಆದರೆ ಬೇಡವೆಂದು ಎಸೆದವಳು ಅರ್ಧ ಯಾಕೆ ಇಟ್ಟುಕೊಳ್ಳುತ್ತಾಳೆ...

ಮಾರ್ಚ್ 13

ವೆನೆರಾ ಪ್ರೆಸ್ಸಿಗೆ ಬಂದಳು. "ಅತ್ತೆ, ನನ್ನನ್ನ ಯಾರೂ ಕೇಳೇ ಇಲ್ಲ."

ತಕರಾರು ಬರೆದು, ಹೆಸರು ಬದಲಾವಣೆ ತೀರ್ಮಾನಿಸುವ ಜಿಲ್ಲೆಯ ಅಧಿಕಾರಿ, ಕತಾನಿಯಾದ ಪ್ರಿಫೆಕ್ಟರಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ತಳ್ಳಿಹಾಕಬಹುದು. ಹಾಕಲಿ. ಅಷ್ಟರಲ್ಲಿ ತಿಂಗಳುಗಳು ಉರುಳುತ್ತವೆ. ಜೂನಿಗೆ ಅವಳಿಗೆ ಹದಿನೆಂಟು. ಆಮೇಲೆ ಅವಳನ್ನು ಕೇಳದೆ ಅವಳ ಹೆಸರನ್ನು ಯಾರೂ ಮುಟ್ಟುವಂತಿಲ್ಲ.

ಏಪ್ರಿಲ್ 2

ತಮ್ಮ ಬಂದಿದ್ದ. ತಕರಾರು ವಾಪಸ್ ತಗೊಳ್ಳದಿದ್ದರೆ ತನ್ನ ಪಾಲಿಗೆ ಅಕ್ಕ ಸತ್ತಳು ಅಂದ. ಹಾಗಾದರೆ ನನ್ನ ಸಾವಿನ ಪೋಸ್ಟರಿಗೆ ತಮ್ಮನೆಂದು ರಿಯಾಯಿತಿ ಕೊಡುತ್ತೇನೆ ಅಂದೆ. ನಗಲಿಲ್ಲ. ಹೋದಮೇಲೆ ನಾನೂ ನಗಲಿಲ್ಲ.

ಜೂನ್ 9

ಎರಡು ತಿಂಗಳು ಮಾತಿಲ್ಲ, ಪ್ರಿಫೆಕ್ಟರ ಉತ್ತರವೂ ಇಲ್ಲ. ಇವತ್ತು ವೆನೆರಾಗೆ ಹದಿನೆಂಟು. ಊರಿನ ಮಕ್ಕಳೆಲ್ಲ ಹಾಕಿಸಿಕೊಳ್ಳುವ ಹುಟ್ಟುಹಬ್ಬದ ಬ್ಯಾನರ್ ಕೇಳಿದಳು. ಏನು ಬರೆಯಲಿ ಅಂದೆ.

"ಪೂರ್ತಿ ಹೆಸರು. ವೆನೆರಾ ಟ್ರೊವಾಟೊ. ಅಪ್ಪನ ಹೋಟೆಲ್ ಎದುರಿಗೇ ಕಟ್ಟೋಣ."

ಏಣಿ ನಾನು ಹತ್ತಿದೆ, ಅವಳು ಹಿಡಿದಳು. ಸೆಬಾಸ್ತಿಯಾನೊ ಹೊರಗೆ ಬಂದು ಓದಿದ. ಎರಡು ಸಲ ಓದಿದ. ಒಳಗೆ ಹೋದ.

ಸಂಜೆ 7

ತಮ್ಮ ಪ್ರೆಸ್ಸಿನ ಬಾಗಿಲು ಬಡಿಯುತ್ತಿದ್ದಾನೆ. ವೆನೆರಾ ಎದ್ದಳು. ಕೂತಿರು, ನಾನೇ ತೆಗೆಯುತ್ತೇನೆ ಅಂದೆ. ಕೂರಲಿಲ್ಲ. ಮುಂದೆ ಅವಳು, ಹಿಂದೆ ನಾನು, ಈ ಪೆನ್ನು ಇಟ್ಟು—